ನಂಬಿಕೆ ಕೈಗೆ ಇಳಿಯಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಅಧ್ಯಯನ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳಿದ ಪ್ರಶ್ನೆಗಳು, ಪತ್ರದಲ್ಲಿ ಬರೆದು ಕಳಿಸಿದವು, ರಾತ್ರಿ ಫೋನ್ ಮಾಡಿ ಅಳುತ್ತಾ ಕೇಳಿದವು, ಎಲ್ಲವೂ ಇಲ್ಲಿವೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಒಂದೇ ಕಡೆ ಉತ್ತರ ಬರೆದಿದ್ದೇನೆ. ನಾನು ಪಾಸ್ಟರ್ ಅಲ್ಲ, ಸಭೆಯಲ್ಲಿ ಬೆಂಚಿನ ಮೇಲೆ ಕೂರುವವರಲ್ಲಿ ಒಬ್ಬ. ಸುಲಭದವು ಮೊದಲು, ತಲೆ ಕೆಡಿಸುವವು ಆಮೇಲೆ.

## ಮೊದಲ ಹೆಜ್ಜೆಗೆ

ನಾನು ಯೇಸುವನ್ನು ನಂಬಿದ್ದೇನೆ, ದಿನಾ ಪ್ರಾರ್ಥನೆ ಮಾಡ್ತೀನಿ. ಅಷ್ಟು ಸಾಕಲ್ವಾ? ಇನ್ನೇನು ಮಾಡಬೇಕು?

ನಾವು "ನಂಬು" ಎಂಬ ಮಾತನ್ನು ಎರಡು ರೀತಿ ಬಳಸುತ್ತೇವೆ, ಗಮನಿಸಿ. "ಅವನು ಹೇಳಿದ್ದನ್ನು ನಂಬುತ್ತೇನೆ" ಅನ್ನುವುದು ಒಂದು. "ಅವನನ್ನೇ ನಂಬಿಕೊಂಡಿದ್ದೇನೆ" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ತಲೆ ಆಡಿಸಿದರೆ ಆಯಿತು. ಎರಡನೆಯದಕ್ಕೆ ಬದುಕನ್ನೇ ಒಬ್ಬರ ಕೈಗೆ ಕೊಡಬೇಕು. ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಯಾಕೋಬ ಬರೆಯುತ್ತಾನೆ (2:19). ಅಂದರೆ ಬರೀ ಒಪ್ಪಿಕೊಳ್ಳುವುದರಲ್ಲಿ ದೆವ್ವ ನಮಗಿಂತ ಹಿಂದೆ ಇಲ್ಲ.

ಅದೇ ಅಧ್ಯಾಯದಲ್ಲಿ ಅವನು ಕೊಡುವ ಉದಾಹರಣೆ ತುಂಬಾ ಸರಳ. ಬಟ್ಟೆ ಇಲ್ಲದ, ಹೊಟ್ಟೆಗಿಲ್ಲದ ಒಬ್ಬ ನಿಮ್ಮ ಮುಂದೆ ನಿಂತಿದ್ದಾನೆ. ನೀವು "ಸಮಾಧಾನವಾಗಿ ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬಾ ಊಟ ಮಾಡು" ಅಂತ ಹರಸಿ ಏನೂ ಕೊಡದೆ ಕಳಿಸುತ್ತೀರಿ. ಏನು ಪ್ರಯೋಜನ? ಕ್ರಿಯೆ ಇಲ್ಲದ ನಂಬಿಕೆಯೂ ಹೀಗೇ ಸತ್ತದ್ದು ಅನ್ನುತ್ತಾನೆ. ದುರ್ಬಲ ಅನ್ನುವುದಿಲ್ಲ, ಸತ್ತದ್ದು ಅನ್ನುತ್ತಾನೆ. ನನಗೆ ಈ ಮಾತು ಪ್ರತಿ ಸಲ ಓದಿದಾಗಲೂ ಚುಚ್ಚುತ್ತದೆ.

ಹಾಗಾದ್ರೆ ಒಳ್ಳೆ ಕೆಲಸ ಜಾಸ್ತಿ ಮಾಡಿದಷ್ಟೂ ದೇವರ ಹತ್ತಿರ ಲೆಕ್ಕ ಜಮಾ ಆಗುತ್ತಾ?

ಇಲ್ಲ. ರಕ್ಷಣೆ ದೇವರು ಸುಮ್ನೆ ಕೊಟ್ಟ ವರ, ಯಾರೂ ಹೊಗಳಿಕೊಳ್ಳುವ ಹಾಗಿಲ್ಲ ಎಂದು ಎಫೆಸದವರಿಗೆ ಬರೆದ ಪತ್ರಿಕೆ 2:8-9 ಹೇಳುತ್ತದೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಹಾಕಿಸಿಕೊಂಡ ಕಳ್ಳನಿಗೆ ಒಂದು ಒಳ್ಳೆ ಕೆಲಸ ಮಾಡಲೂ ಸಮಯ ಇರಲಿಲ್ಲ, ಕೈಗೆ ಮೊಳೆ ಹೊಡೆದಿದ್ದರು. ಆದರೂ "ಇಂದೇ ನನ್ನ ಸಂಗಡ ಪರದೈಸಿನಲ್ಲಿರುವೆ" ಎಂಬ ಮಾತು ಸಿಕ್ಕಿತು.

ಆದರೆ ನಾವು 9ನೇ ವಚನಕ್ಕೆ ನಿಲ್ಲಿಸಿಬಿಡುತ್ತೇವೆ. 10ನೇ ವಚನ ಓದಿ. ಒಳ್ಳೆಯ ಕೆಲಸಗಳಿಗಾಗಿಯೇ ದೇವರು ನಮ್ಮನ್ನು ಸೃಷ್ಟಿಸಿದ್ದಾನೆ, ಆ ಕೆಲಸಗಳನ್ನೂ ಮೊದಲೇ ಸಿದ್ಧ ಮಾಡಿಟ್ಟಿದ್ದಾನೆ ಅಂತ ಅಲ್ಲಿದೆ. ಮನೆಯ ಮಗು ಪಾತ್ರೆ ತೊಳೆಯುವುದು ಮನೆಯಲ್ಲಿ ಜಾಗ ಸಿಗಲಿ ಅಂತ ಅಲ್ಲ. ಜಾಗ ಇದೆ, ಅದು ಅದರ ಮನೆ, ಅದಕ್ಕೇ ತೊಳೆಯುತ್ತದೆ.

ಕ್ರಿಯೆ ಅಂದ್ರೆ ಬಡವರಿಗೆ ದುಡ್ಡು ಕೊಡೋದಾ?

ಅದೂ ಒಂದು. ಆದರೆ ಮತ್ತಾಯ 25ರಲ್ಲಿ ಯೇಸು ಕೊಡುವ ಪಟ್ಟಿಯಲ್ಲಿ ದುಡ್ಡಿನ ಮಾತೇ ಇಲ್ಲ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಮನೆಯಲ್ಲಿ ಜಾಗ, ಬಟ್ಟೆ ಇಲ್ಲದವರಿಗೆ ಬಟ್ಟೆ. ಇನ್ನು ಎರಡು ಉಳಿದವಲ್ಲ, ಅವುಗಳ ಹತ್ತಿರ ಸ್ವಲ್ಪ ನಿಲ್ಲಿ. "ರೋಗದಲ್ಲಿದ್ದೆ, ನನ್ನನ್ನು ವಾಸಿ ಮಾಡಿದಿರಿ" ಅನ್ನಲಿಲ್ಲ, ಬಂದು ನೋಡಿಕೊಂಡಿರಿ ಅಂದ. "ಸೆರೆಮನೆಯಲ್ಲಿದ್ದೆ, ಬಿಡಿಸಿದಿರಿ" ಅನ್ನಲಿಲ್ಲ, ನನ್ನ ಬಳಿಗೆ ಬಂದಿರಿ ಅಂದ. ಸಮಸ್ಯೆ ಬಗೆಹರಿಸುವ ಶಕ್ತಿ ನಮಗಿಲ್ಲದ ಕಡೆಯೂ ಹೋಗಿ ಹತ್ತಿರ ಕೂರುವುದನ್ನು ಅವನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾನೆ.

ಫಾದರ್ ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕೈ ದ್ವೀಪಕ್ಕೆ ಹೋದಾಗ ಕುಷ್ಠಕ್ಕೆ ವಾಸಿ ಮಾಡುವ ಔಷಧವೇ ಇರಲಿಲ್ಲ. ರೋಗಿಗಳನ್ನು ಆ ದ್ವೀಪದ ಒಂದು ಮೂಲೆಗೆ ತಳ್ಳಿ ಬಿಟ್ಟಿದ್ದರು. ಡೇಮಿಯನ್ ಅವರ ಗಾಯಕ್ಕೆ ಬಟ್ಟೆ ಕಟ್ಟಿದರು, ಮನೆ ಕಟ್ಟಲು ನಿಂತರು, ನೀರಿನ ಪೈಪ್ ಹಾಕಿಸಿದರು, ಸತ್ತವರಿಗೆ ಶವಪೆಟ್ಟಿಗೆ ಮಾಡಿ ಗುಂಡಿ ತೋಡಿದರು. ಕೊನೆಗೆ ಅವರಿಗೂ ಅದೇ ರೋಗ ಬಂತು. 1889ರಲ್ಲಿ ಅಲ್ಲೇ ತೀರಿಕೊಂಡರು. 16 ವರ್ಷ ಒಬ್ಬರ ಕುಷ್ಠವನ್ನೂ ವಾಸಿ ಮಾಡಲಾಗಲಿಲ್ಲ. ಹೋಗದೇ ಇದ್ದಿದ್ದರೆ ಆ ಜನ ಹೇಗೆ ಸಾಯುತ್ತಿದ್ದರು ಅಂತ ಯೋಚಿಸಿ.

ನನ್ನ ಕೈಯಲ್ಲಿ ದುಡ್ಡಿಲ್ಲ, ಟೈಮೂ ಇಲ್ಲ, ಮಾತಾಡೋಕೂ ಬರಲ್ಲ. ನಾನು ಎಲ್ಲಿಂದ ಶುರು ಮಾಡಲಿ?

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ತಬಿಥಾ ಎಂಬ ಹೆಂಗಸಿನ ಕಥೆ ಇದೆ. ಗ್ರೀಕಿನಲ್ಲಿ ದೊರ್ಕ. ಯೊಪ್ಪ ಊರಿನವಳು. ಅವಳು ಆಡಿದ ಒಂದು ಮಾತೂ ಬೈಬಲ್‌ನಲ್ಲಿ ಇಲ್ಲ. ಅವಳು ಕಾಯಿಲೆಯಿಂದ ಸತ್ತಳು, ಪೇತ್ರನಿಗೆ ಹೇಳಿಕಳಿಸಿದರು. ಅವನು ಮೇಲಿನ ಕೋಣೆಗೆ ಬಂದಾಗ ವಿಧವೆಯರೆಲ್ಲ ಅಳುತ್ತಾ ಅವನ ಸುತ್ತ ನಿಂತು ತಬಿಥಾ ಬದುಕಿದ್ದಾಗ ಹೊಲಿದುಕೊಟ್ಟ ಅಂಗಿ, ಬಟ್ಟೆಗಳನ್ನು ತೋರಿಸಿದರು. ಆ ದೃಶ್ಯ ಕಣ್ಣ ಮುಂದೆ ತಂದುಕೊಳ್ಳಿ. ಅವಳು ಎಂಥವಳು ಅಂತ ಯಾರೂ ಭಾಷಣ ಮಾಡಬೇಕಾಗಲಿಲ್ಲ. ಬಟ್ಟೆ ಎತ್ತಿ ಹಿಡಿದರು, ಅಷ್ಟೇ.

ಅವಳ ಹತ್ತಿರ ಇದ್ದದ್ದು ಸೂಜಿ. ನಿಮ್ಮ ಹತ್ತಿರ ಏನಿದೆ? ಫಾರ್ಮ್ ತುಂಬಿಸಲು ಬರುತ್ತದಾ? ಗಾಡಿ ಓಡಿಸುತ್ತೀರಾ? ಮಕ್ಕಳಿಗೆ ಗಣಿತ ಹೇಳಿಕೊಡಬಲ್ಲಿರಾ? ಮಾತಾಡಲು ಬರದವರು ಎಷ್ಟೋ ಸಲ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ಅದೂ ಇದೆ. ಈ ವಾರ ಒಬ್ಬ ಮನುಷ್ಯನ ಒಂದು ಕಷ್ಟ ಹಿಡಿದುಕೊಳ್ಳಿ. "ಬಡವರು" ಅಂತ ಬೇಡ. ಹೆಸರಿರುವ ಒಬ್ಬರು.

## ದಿನದ ಬದುಕಿನಲ್ಲಿ

ಕಷ್ಟದಲ್ಲಿರುವವರಿಗೆ "ನಿಮಗಾಗಿ ಪ್ರಾರ್ಥನೆ ಮಾಡ್ತೀನಿ" ಅಂದ್ರೆ ತಪ್ಪಾ?

ತಪ್ಪಲ್ಲ. ಪ್ರಾರ್ಥನೆಯೂ ಕ್ರಿಯೆಯೇ. ಆದರೆ ಆ ಮಾತನ್ನು ನಾನು ಹೇಗೆ ಬಳಸಿದ್ದೆ ಅಂತ ಹೇಳುತ್ತೇನೆ.

ಕೆಲಸ ಕಳೆದುಕೊಂಡ ಒಬ್ಬರು ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಮನಸ್ಸು ಬಿಚ್ಚಿ ಮಾತಾಡಿದರು. ನಾನು ಹೆಗಲ ಮೇಲೆ ಕೈ ಇಟ್ಟು "ಪ್ರಾರ್ಥನೆ ಮಾಡ್ತೀನಿ ಬ್ರದರ್" ಅಂದೆ. ಮನೆಗೆ ಹೋಗಿ ಮರೆತೆ. ಎರಡು ತಿಂಗಳಾದ ಮೇಲೆ ಬೇರೆಯವರಿಂದ ಗೊತ್ತಾಯಿತು, ಬಸ್ಸಿಗೆ ದುಡ್ಡಿಲ್ಲದೆ ಅವರು ಪ್ರತಿ ಭಾನುವಾರ ಹೆಂಡತಿ ಮಗುವಿನ ಜೊತೆ ನಡೆದೇ ಬರುತ್ತಿದ್ದರು. ಅವರ ಮನೆ ನನ್ನ ದಾರಿಯಲ್ಲೇ ಇತ್ತು. ನನ್ನ ಕಾರಿನ ಹಿಂದಿನ ಸೀಟು ಪ್ರತಿ ವಾರ ಖಾಲಿ. ದೇವರಿಗೆ ಹೇಳುವ ಮೊದಲು "ಹೇಗೆ ಬಂದಿರಿ?" ಅಂತ ಒಂದು ಮಾತು ಅವರನ್ನು ಕೇಳಿದ್ದರೆ ಸಾಕಿತ್ತು.

ಅವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರಾರ್ಥನೆ ಮಾಡುತ್ತೇನೆ ಅಂದರೆ ಅಲ್ಲೇ, ಅವರ ಜೊತೆಯಲ್ಲೇ ಮಾಡಿಬಿಡುತ್ತೇನೆ. ಆಮೇಲೆ, ಆ ಪ್ರಾರ್ಥನೆಯ ಯಾವ ಭಾಗಕ್ಕೆ ನನ್ನ ಕೈಯಲ್ಲೇ ಉತ್ತರ ಇದೆ ಅಂತ ನೋಡಿಕೊಳ್ಳುತ್ತೇನೆ.

"ಏನಾದ್ರೂ ಬೇಕಿದ್ರೆ ಹೇಳಿ" ಅಂತ ಎಲ್ಲರಿಗೂ ಹೇಳ್ತೀನಿ. ಯಾರೂ ಕೇಳಲ್ಲ. ನಾನೇನು ಮಾಡಲಿ?

ಕೇಳುವುದು ಕಷ್ಟ, ಅದಕ್ಕೇ ಕೇಳುವುದಿಲ್ಲ. ನಮ್ಮ ತಾಯಿ ಸೊಂಟ ಮುರಿದುಕೊಂಡು ಮಲಗಿದ್ದಾಗ ತುಂಬಾ ಜನ ಈ ಮಾತು ಹೇಳಿ ಹೋದರು. ಪ್ರೀತಿಯಿಂದಲೇ ಹೇಳಿದರು. ನಾವು ಯಾರನ್ನೂ ಕರೆಯಲಿಲ್ಲ. ಒಂದು ದಿನ ಸಭೆಯ ಇಬ್ಬರು ಅಕ್ಕಂದಿರು ಬಂದರು. ಒಬ್ಬರು ಅಮ್ಮನ ತಲೆ ಬಾಚುತ್ತಾ ಕೂತರು. ಇನ್ನೊಬ್ಬರು ಏನೂ ಕೇಳದೆ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಹಾಸಿಗೆ ಬಟ್ಟೆಗಳನ್ನು, ವಾಸನೆ ಬರುತ್ತಿದ್ದವನ್ನು, ಬಕೆಟ್‌ಗೆ ತುಂಬಿಕೊಂಡು ಬಚ್ಚಲಿಗೆ ಹೋದರು. ನಾನು ಬೇಡ ಬೇಡ ಅಂತ ಹಿಂದೆ ಓಡಿದೆ. "ನೀನು ಸ್ವಲ್ಪ ಮಲಕ್ಕೋ ಹೋಗಪ್ಪ" ಅಂದರು, ಅಷ್ಟೇ. ಒಳಗಿಂದ ಬಟ್ಟೆ ಕುಕ್ಕುವ ಸದ್ದು ಕೇಳುತ್ತಾ ನಾನು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಓದುವಾಗ ಈಗಲೂ ನನಗೆ ಆ ಸದ್ದೇ ಕೇಳುತ್ತದೆ.

"ಏನಾದ್ರೂ ಬೇಕಾ" ಬದಲು "ಮಂಗಳವಾರ ನಾನು ಆಸ್ಪತ್ರೆಯಲ್ಲಿ ಇರುತ್ತೇನೆ, ನೀವು ಮನೆಗೆ ಹೋಗಿ ಬನ್ನಿ, ಆಗಬಹುದಾ?" ಅಂತ ಹೇಳಿ. ಬೇಡ ಅನ್ನಲು ಅವರಿಗೆ ಅವಕಾಶ ಇರಲಿ. ಆದರೆ ಏನು ಬೇಕು ಅಂತ ಯೋಚಿಸುವ ಭಾರ ನೀವು ಹೊರಿ.

ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ, ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಅಂತಲೂ ಇದೆ. ಯಾವುದನ್ನು ಪಾಲಿಸೋದು?

ಎರಡೂ ಬೆಟ್ಟದ ಪ್ರಸಂಗದಲ್ಲೇ ಇವೆ, ಮತ್ತಾಯ 5:16 ಮತ್ತು 6:3. ಒಂದೇ ಪ್ರಸಂಗದಲ್ಲಿ ಯೇಸು ತನ್ನ ಮಾತನ್ನೇ ಮರೆತನಾ? ಇಲ್ಲ. ಮೊದಲನೆಯದರಲ್ಲಿ ಜನ ನೋಡಿ "ತಂದೆಯನ್ನು" ಕೊಂಡಾಡುತ್ತಾರೆ. ಎರಡನೆಯದರಲ್ಲಿ ಜನ ನೋಡಲಿ ಅಂತಲೇ ಮಾಡುತ್ತಾರೆ, ಹೊಗಳಿಕೆ ಮಾಡಿದವನಿಗೆ ಬರುತ್ತದೆ.

ಫೋಟೋ ವಿಷಯ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಗಟ್ಟಿ: ಪಡೆಯುವವರ ಮುಖ ಇರುವ ಫೋಟೋ ಬೇಡ. ಕಷ್ಟದಲ್ಲಿದ್ದಾಗ ಒಂದು ಚೀಲ ತೆಗೆದುಕೊಂಡದ್ದಕ್ಕೆ ಅವರ ಮಕ್ಕಳು ಆ ಚಿತ್ರವನ್ನು ಜೀವನಪೂರ್ತಿ ನೋಡಬೇಕಾ? ದಾನಿಗಳಿಗೆ ಲೆಕ್ಕ ತೋರಿಸಬೇಕಿದ್ದರೆ ರಸೀದಿ ತೋರಿಸಿ.

ಮನೇಲಿ ನಾನೊಬ್ಬಳೇ ನಂಬಿರೋದು. ಯೇಸುವಿನ ಹೆಸರು ಎತ್ತಿದ್ರೆ ಜಗಳ. ಹೇಗೆ ಸಾಕ್ಷಿ ಕೊಡಲಿ?

ಸದ್ಯಕ್ಕೆ ಬಾಯಿಂದ ಬೇಡ. ಪೇತ್ರನ ಮೊದಲ ಪತ್ರಿಕೆ 3:1 ಇಂಥ ಮನೆಗಳಿಗೇ ಬರೆದದ್ದು, ಮಾತಿಲ್ಲದೆ ನಡತೆಯಿಂದಲೇ ಮನೆಯವರು ಒಲಿಯಬಹುದು ಅಂತ ಹೇಳುತ್ತದೆ. ನೀವು ಮೊದಲಿಗಿಂತ ತಾಳ್ಮೆಯವರಾಗಿದ್ದೀರಾ, ತಪ್ಪು ಮಾಡಿದಾಗ ಕ್ಷಮೆ ಕೇಳುತ್ತೀರಾ, ಅವರು ಇದನ್ನೇ ನೋಡುತ್ತಿರುತ್ತಾರೆ.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಈ ವಚನ ತೋರಿಸಿ "ಹೊಡೆದರೂ ಸಹಿಸಿಕೊಂಡಿರು, ಅದೇ ಸಾಕ್ಷಿ" ಅಂತ ಹೆಣ್ಣುಮಕ್ಕಳಿಗೆ ಹೇಳುವವರಿದ್ದಾರೆ. ಅದು ಸುಳ್ಳು. ಹೊಡೆತ ಇದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ನಂಬಿಕಸ್ಥರಿಗೆ ಹೇಳಿ, ಕಾನೂನಿನ ಸಹಾಯ ತೆಗೆದುಕೊಳ್ಳಿ. ಪೌಲನೂ ತನ್ನನ್ನು ಕೊರಡೆಯಿಂದ ಹೊಡೆಯಲು ಕಟ್ಟಿದಾಗ ರೋಮ್ ಪೌರನ ಹಕ್ಕನ್ನು ಎತ್ತಿ ಹೇಳಿ ತಪ್ಪಿಸಿಕೊಂಡ.

ಆಫೀಸಲ್ಲಿ, ವ್ಯಾಪಾರದಲ್ಲಿ ಧರ್ಮದ ಮಾತು ಆಡೋ ಹಾಗಿಲ್ಲ. ಅಲ್ಲಿ ನಂಬಿಕೆಗೆ ಏನು ಕೆಲಸ?

ಅಲ್ಲೇ ಜಾಸ್ತಿ ಕೆಲಸ! ಸುಂಕದವರ ಮುಖ್ಯಸ್ಥ ಜಕ್ಕಾಯನನ್ನು ನೋಡಿ (ಲೂಕ 19). ಯೇಸು ಅವನ ಮನೆಗೆ ಹೋದ. ಜಕ್ಕಾಯ ಎದ್ದು ನಿಂತು ಹೇಳಿದ್ದು ದುಡ್ಡಿನ ಮಾತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಆಗ ಯೇಸು "ಇಂದು ಈ ಮನೆಗೆ ರಕ್ಷಣೆ ಬಂತು" ಅಂದ.

ಅರ್ಧ ಆಸ್ತಿ ಕೊಟ್ಟದ್ದನ್ನು ನಾವು ಮೆಚ್ಚುತ್ತೇವೆ, ನಾಲ್ಕರಷ್ಟು ವಾಪಸ್ ಕೊಟ್ಟದ್ದನ್ನು ಮರೆಯುತ್ತೇವೆ. ದಾನ ಮಾಡುವುದಕ್ಕಿಂತ ಕಸಿದುಕೊಂಡದ್ದನ್ನು ತಿರುಗಿ ಕೊಡುವುದು ಕಷ್ಟ, ಯಾಕೆಂದರೆ ಅದಕ್ಕೆ ತಪ್ಪು ಒಪ್ಪಿಕೊಳ್ಳಬೇಕು. ಕೂಲಿ ತಡೆಹಿಡಿದರೆ ಆ ಕೂಲಿಯೇ ದೇವರಿಗೆ ಕೂಗಿ ಹೇಳುತ್ತದೆ ಎಂದು ಯಾಕೋಬ 5:4ರಲ್ಲಿದೆ. ಮನೆಕೆಲಸದವರ ಸಂಬಳ ಹತ್ತು ದಿನ ತಡ ಮಾಡಿ ಭಾನುವಾರ ದೊಡ್ಡ ಕಾಣಿಕೆ ಹಾಕುವವರು ಈ ವಚನ ಮತ್ತೆ ಮತ್ತೆ ಓದಬೇಕು. ಬೇರೆಯವರ ಕೆಲಸದ ಹೊಗಳಿಕೆ ನೀವು ತೆಗೆದುಕೊಳ್ಳದಿರುವುದು, ಸುಳ್ಳು ಬಿಲ್ಲಿಗೆ ಸಹಿ ಹಾಕದಿರುವುದು, ಎಲ್ಲರೂ ಆಡಿಕೊಳ್ಳುವ ಹೊಸಬನ ಜೊತೆ ಊಟಕ್ಕೆ ಕೂರುವುದು, ಇವಕ್ಕೆ ಯಾವ ಆಫೀಸಿನಲ್ಲೂ ನಿಷೇಧ ಇಲ್ಲ.

ಕೊಟ್ಟ ದುಡ್ಡನ್ನು ಕುಡಿದು ಹಾಳು ಮಾಡಿದ್ರೆ?

ಕೆಲವರು ಮಾಡುತ್ತಾರೆ. ಗೊತ್ತಿದ್ದರೆ ದುಡ್ಡಿನ ಬದಲು ಊಟ ಕೊಡಿ, ಶಾಲೆಯ ಫೀಸನ್ನು ನೇರವಾಗಿ ಕಟ್ಟಿ. ಆದರೆ "ಅವನು ಹಾಳು ಮಾಡುತ್ತಾನೆ" ಅನ್ನುವುದು ಯಾರಿಗೂ ಏನೂ ಕೊಡದಿರಲು ನೆಪ ಆಗಿಬಿಟ್ಟಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ನನಗೆ ದೇವರು ಕೊಟ್ಟದ್ದನ್ನೆಲ್ಲ ನಾನೂ ಸರಿಯಾಗಿ ಬಳಸಿಲ್ಲ.

ಸೇವೆ ಮಾಡಿ ಮಾಡಿ ಸುಸ್ತಾಗಿದೆ. ಎಲ್ಲರೂ ನನಗೇ ಹೇಳ್ತಾರೆ. ಬೇಡ ಅಂದ್ರೆ ಪಾಪನಾ?

ಪಾಪ ಅಲ್ಲ. ಊಟ ಮಾಡಲೂ ಬಿಡುವಿಲ್ಲದಷ್ಟು ಜನ ಬಂದು ಹೋಗುತ್ತಿದ್ದಾಗ ಯೇಸು ಶಿಷ್ಯರಿಗೆ "ಸ್ವಲ್ಪ ದಣಿವಾರಿಸಿಕೊಳ್ಳಿ ಬನ್ನಿ" ಅಂದ (ಮಾರ್ಕ 6:31). ಎಲೀಯ ಸಾಕಾಗಿ ಸಾಯಬೇಕು ಅಂತ ಮರದ ಕೆಳಗೆ ಮಲಗಿದಾಗ ದೇವದೂತ ಬಂದು ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ತಿನ್ನಿಸಿದ.

ಇದು ನಿಮ್ಮೊಬ್ಬರ ತೊಂದರೆಯೂ ಅಲ್ಲ, ಸಭೆಯದು. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರಿಗೆ ಊಟ ಹಂಚುವುದರಲ್ಲಿ ಗಲಾಟೆ ಆದಾಗ ಏಳು ಜನರನ್ನು ಆರಿಸಿ ಜವಾಬ್ದಾರಿ ಕೊಟ್ಟರು. ನಿಮ್ಮ ಸಭೆಯಲ್ಲೂ ಒಬ್ಬರ ಮೇಲೆ ಬಿದ್ದದ್ದನ್ನು ಏಳು ಜನ ಹೊರಲಿ ಅಂತ ಹಿರಿಯರಿಗೆ ನೇರವಾಗಿ ಹೇಳಿ.

## ಸ್ವಲ್ಪ ಆಳದ ಪ್ರಶ್ನೆಗಳು

ಪೌಲ ನಂಬಿಕೆಯಿಂದಲೇ ನೀತಿವಂತರು ಅಂತಾನೆ, ಯಾಕೋಬ ಬರೀ ನಂಬಿಕೆಯಿಂದಲ್ಲ ಅಂತಾನೆ. ಇಬ್ಬರಲ್ಲಿ ಯಾರು ಸರಿ?

ರೋಮಾಪುರದವರಿಗೆ 3:28 ಮತ್ತು ಯಾಕೋಬ 2:24 ಅಕ್ಕಪಕ್ಕ ಇಟ್ಟರೆ ಜಗಳದ ಹಾಗೇ ಕಾಣುತ್ತವೆ. ಇಬ್ಬರೂ ಅಬ್ರಹಾಮನ ಉದಾಹರಣೆಯನ್ನೇ ಕೊಡುತ್ತಾರೆ, ಆದಿಕಾಂಡ 15:6ರ ಒಂದೇ ವಚನ ಎತ್ತುತ್ತಾರೆ. ಆದರೆ ಪೌಲ ನಿಲ್ಲುವುದು ಅಬ್ರಹಾಮ ನಕ್ಷತ್ರ ನೋಡುತ್ತಾ ದೇವರ ಮಾತು ನಂಬಿದ ರಾತ್ರಿಯಲ್ಲಿ. ಯಾಕೋಬ ವರ್ಷಗಳು ಕಳೆದ ಮೇಲೆ, ಆದಿಕಾಂಡದ 22ನೇ ಅಧ್ಯಾಯದಲ್ಲಿ, ಅದೇ ಅಬ್ರಹಾಮ ದೇವರ ಮಾತಿಗೆ ಮಗ ಇಸಾಕನನ್ನೇ ಬಲಿ ಕೊಡಲು ಕರೆದುಕೊಂಡು ಬೆಟ್ಟ ಹತ್ತಿದ ದಿನಕ್ಕೆ ಬರುತ್ತಾನೆ. ಆ ರಾತ್ರಿಯ ನಂಬಿಕೆ ನಿಜ ಅಂತ ಬೆಟ್ಟದ ಮೇಲೆ ಗೊತ್ತಾಯಿತು.

ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಪೌಲ ಮಾತಾಡುತ್ತಿರುವುದು ಬಾಗಿಲ ಹೊರಗೆ ನಿಂತು ಒಳಗೆ ಬರಲು ಏನು ಕೊಡಬೇಕು ಅಂತ ಜೇಬು ತಡಕುವವನ ಹತ್ತಿರ. ಯಾಕೋಬ ಮಾತಾಡುತ್ತಿರುವುದು ಒಳಗೆ ಬಂದು ಕೈ ಕಟ್ಟಿ ಕೂತವನ ಹತ್ತಿರ. "ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆ" ಎಂಬ ಮಾತು ಪೌಲನದೇ, ಗಲಾತ್ಯ 5:6.

ಇದರ ಮೇಲೆ ಸಭೆಯೇ ಒಡೆದದ್ದೂ ನಿಜ. ಪ್ರೊಟೆಸ್ಟೆಂಟರ ಮುಂದಾಳು ಮಾರ್ಟಿನ್ ಲೂಥರ್ 1522ರಲ್ಲಿ ಯಾಕೋಬನದನ್ನು ಹುಲ್ಲಿನ ಪತ್ರಿಕೆ, ಅಂದರೆ ಹುರುಳು ಕಮ್ಮಿ ಇರುವುದು, ಅಂತ ಕರೆದರು. ಅದೇ ವರ್ಷ ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ, ನಂಬಿಕೆ ಜೀವಂತವಾದದ್ದು, ಸುಮ್ಮನೆ ಕೂರಲಾರದ್ದು, ಒಳ್ಳೆಯದು ಮಾಡದೆ ಇರಲು ಅದಕ್ಕೆ ಆಗುವುದಿಲ್ಲ ಅಂತಲೂ ಅವರೇ ಬರೆದರು. 1547ರಲ್ಲಿ ಟ್ರೆಂಟ್ ಮಹಾಸಭೆ ಕ್ಯಾಥೊಲಿಕರ ನಿಲುವನ್ನು ಬರೆದಿಟ್ಟಿತು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಮತ್ತು ಲೂಥರನ್ನರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನಾವು ಸ್ವೀಕಾರ ಆಗುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ, ಆ ಕೃಪೆ ಒಳ್ಳೆಯ ಕೆಲಸಕ್ಕೆ ನಮ್ಮನ್ನು ಸಜ್ಜು ಮಾಡುತ್ತದೆ ಎಂಬುದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರೂ ಸೇರಿದರು. ಎಲ್ಲ ಭಿನ್ನಾಭಿಪ್ರಾಯ ಹೋಗಿಲ್ಲ. ಆದರೂ ನಾಲ್ಕೂವರೆ ಶತಮಾನದ ಮೇಲೆ ಒಂದು ಮೇಜಿಗೆ ಬಂದರು, ನನಗೆ ಅದು ದೊಡ್ಡ ಸಮಾಧಾನ.

"ಸದಾ ಸುವಾರ್ತೆ ಸಾರು, ಬೇಕಾದರೆ ಮಾತ್ರ ಮಾತು ಬಳಸು" ಅಂತ ಸಂತ ಫ್ರಾನ್ಸಿಸ್ ಹೇಳಿದ್ದಾರಲ್ಲ. ಹಾಗಾದ್ರೆ ಬಾಯಿ ಬಿಡೋದೇ ಬೇಡ್ವಾ?

ಅಸಿಸಿಯ ಫ್ರಾನ್ಸಿಸರ ಬರಹಗಳಲ್ಲಿ ಈ ವಾಕ್ಯ ಎಲ್ಲೂ ಇಲ್ಲ. ಅವರೇ ಊರಿಂದ ಊರಿಗೆ ನಡೆದು ಬಾಯಿ ತುಂಬಾ ಸಾರಿದವರು. 1221ರಲ್ಲಿ ತಮ್ಮ ಸಹೋದರರಿಗೆ ಬರೆದ ನಿಯಮದಲ್ಲಿ, ಎಲ್ಲ ಸಹೋದರರೂ ತಮ್ಮ ಕೆಲಸಗಳಿಂದ ಸಾರಲಿ ಅಂತ ಇದೆ. ಅದು ಮಾತಿನ ಜೊತೆಗೆ, ಮಾತಿನ ಬದಲಿಗಲ್ಲ.

ನನಗೆ ಮಾತೂ ಬೇಕು ಅನಿಸುತ್ತದೆ. ಬರೀ ಕೆಲಸ ನೋಡಿದವರು "ಇವರು ಎಷ್ಟು ಒಳ್ಳೆಯವರು" ಅಂತ ನಮ್ಮನ್ನೇ ಹೊಗಳಿ ಹೋಗುತ್ತಾರೆ. ಯಾಕೆ ಮಾಡುತ್ತೀರಿ ಅಂತ ಕೇಳಿದಾಗ ಯೇಸುವಿನ ಹೆಸರು ಹೇಳಲು ಹಿಂಜರಿಯಬೇಡಿ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸಾತ್ವಿಕವಾಗಿ ಕೊಡಿ ಎಂದು ಪೇತ್ರನೂ ಬರೆದಿದ್ದಾನೆ.

ಕ್ರೈಸ್ತರ ಸೇವೆ ಅಂದ್ರೆ "ಹೇಳೋದು ಶಾಸ್ತ್ರ, ಹಾಕೋದು ಗಾಳ" ಅಂತಾರೆ. ಮತ ಬದಲಾಯಿಸೋಕೆ ಸಹಾಯ ಮಾಡ್ತಾರೆ ಅನ್ನೋ ಮಾತಿಗೆ ಏನು ಹೇಳಲಿ?

ಮೊದಲು ನಮ್ಮ ಮನಸ್ಸನ್ನು ನಾವೇ ಕೇಳಿಕೊಳ್ಳೋಣ. ಆ ಮನುಷ್ಯ ಎಂದೂ ನಮ್ಮ ಸಭೆಗೆ ಬರುವುದಿಲ್ಲ ಅಂತ ಗೊತ್ತಾದರೆ ಸಹಾಯ ನಿಲ್ಲಿಸುತ್ತೇವಾ? ನಿಲ್ಲಿಸುವುದಾದರೆ ಹೇಳುವವರು ಹೇಳುವುದು ನಿಜ. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದ, ತಿರುಗಿ ಬಂದು ಧನ್ಯವಾದ ಹೇಳಿದವನು ಒಬ್ಬ. ಉಳಿದ ಒಂಬತ್ತು ಜನ ಎಲ್ಲಿ ಅಂತ ಕೇಳಿದ, ಬೇಸರವೂ ಆಗಿರಬೇಕು. ಆದರೆ ಅವರ ಆರೋಗ್ಯವನ್ನು ವಾಪಸ್ ಕಿತ್ತುಕೊಳ್ಳಲಿಲ್ಲ.

362ರ ಸುಮಾರಿಗೆ ರೋಮ್ ಚಕ್ರವರ್ತಿ ಜೂಲಿಯನ್ ತನ್ನ ಒಬ್ಬ ಪುರೋಹಿತನಿಗೆ ಬರೆದ ಪತ್ರ ಉಳಿದಿದೆ. ಅವನು ಕ್ರೈಸ್ತರನ್ನು ಇಷ್ಟಪಡುತ್ತಿರಲಿಲ್ಲ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹೀಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆ ಅಂತ ಅವನು ಅದರಲ್ಲಿ ಬರೆದಿದ್ದಾನೆ. ಎದುರಾಳಿಯ ಬಾಯಿಂದ ಬಂದ ಈ ಮಾತನ್ನು ನಾನು ತುಂಬಾ ಬೆಲೆಯದು ಅಂದುಕೊಂಡಿದ್ದೇನೆ. "ನಮ್ಮ ಬಡವರು, ನಿಮ್ಮ ಬಡವರು" ಎಂಬ ಗೆರೆ ಆ ಹಳೆಯ ಸಭೆಗೆ ಇರಲಿಲ್ಲ. ಸಹಾಯಕ್ಕೆ ಷರತ್ತು ಬೇಡ, ಚೀಲದೊಳಗೆ ಕರಪತ್ರ ತುರುಕುವುದೂ ಬೇಡ. ಅವರೇ ಕೇಳಿದರೆ ಆಗ ಮಾತು.

ದಾನ ಧರ್ಮ ಸರಿ. ಅನ್ಯಾಯದ ವ್ಯವಸ್ಥೆ ವಿರುದ್ಧ ನಿಲ್ಲೋದೂ ನಂಬಿಕೆಯ ಕೆಲಸನಾ, ಅದು ರಾಜಕೀಯ ಅಲ್ವಾ?

ಯೆಶಾಯ 58ರಲ್ಲಿ ದೇವರು ತನಗೆ ಬೇಕಾದ ಉಪವಾಸ ಯಾವುದು ಅಂತ ಹೇಳುವಾಗ ಅನ್ಯಾಯದ ಬಂಧನ ಬಿಚ್ಚುವುದು, ನೊಗ ಮುರಿಯುವುದು ಮೊದಲು ಬರುತ್ತದೆ. ಹಸಿದವರಿಗೆ ರೊಟ್ಟಿ ಹಂಚುವುದು ಅದರ ಬೆನ್ನಿಗೇ ಬರುತ್ತದೆ. ಎರಡೂ ಒಂದೇ ಉಪವಾಸ.

ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ನಡೆದ ಹೋರಾಟ ನೋಡಿ. 1787ರಲ್ಲಿ ಕ್ವೇಕರ್ ಸಭೆಯವರೇ ಹೆಚ್ಚಾಗಿದ್ದ 12 ಜನರ ಒಂದು ಸಮಿತಿ ಲಂಡನ್ನಿನಲ್ಲಿ ಸೇರಿತು. ಥಾಮಸ್ ಕ್ಲಾರ್ಕ್‌ಸನ್ ಬಂದರಿಂದ ಬಂದರಿಗೆ ಕುದುರೆಯ ಮೇಲೆ ಅಲೆದು ನಾವಿಕರನ್ನು ಮಾತಾಡಿಸಿ, ಕೈಕೋಳ, ಸರಪಳಿಗಳನ್ನು ಸಾಕ್ಷಿಯಾಗಿ ತಂದ. ವಿಲಿಯಂ ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲಿ ಸೋತು ಸೋತು ಮತ್ತೆ ಮಸೂದೆ ತಂದ. 1791ರಲ್ಲಿ ಸಂಸತ್ತು ಒಪ್ಪದಿದ್ದಾಗ ಲಕ್ಷಗಟ್ಟಲೆ ಜನ ಗುಲಾಮರು ಬೆಳೆದ ಸಕ್ಕರೆ ಬಿಟ್ಟರು. ವೋಟು ಹಾಕುವ ಹಕ್ಕೂ ಇಲ್ಲದ ಹೆಂಗಸರು ಅಡುಗೆಮನೆಯಿಂದ ಮಾಡಿದ ಕೆಲಸ ಅದು. 1807ರಲ್ಲಿ ವ್ಯಾಪಾರ ನಿಂತಿತು, 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಬಂತು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ಸುಳ್ಳುಗಾರ ಆಗುತ್ತೇನೆ. ಗುಲಾಮರನ್ನು ಇಟ್ಟುಕೊಂಡವರೂ ಭಾನುವಾರ ಆರಾಧನೆಗೆ ಹೋಗುತ್ತಿದ್ದರು, ಬೈಬಲ್ ವಚನ ತೋರಿಸಿಯೇ ಸಮರ್ಥಿಸಿಕೊಳ್ಳುತ್ತಿದ್ದರು. ಕಾನೂನು ಬಂದಾಗ ಪರಿಹಾರವಾಗಿ 2 ಕೋಟಿ ಪೌಂಡ್ ಕೊಟ್ಟರು, ಗುಲಾಮರಿಗಲ್ಲ, ಮಾಲೀಕರಿಗೆ. ಹಾಗಾಗಿ "ಕ್ರೈಸ್ತರು ಗುಲಾಮಗಿರಿ ತೊಲಗಿಸಿದರು" ಅಂತ ಎದೆ ತಟ್ಟಿಕೊಳ್ಳುವ ಮೊದಲು, ಇವತ್ತು ನಾವು ಯಾವ ಅನ್ಯಾಯದಿಂದ ಸುಖವಾಗಿದ್ದೇವೆ ಅಂತ ಕೇಳಿಕೊಳ್ಳಬೇಕು. ಪಕ್ಷದ ಬಾವುಟ ಹಿಡಿಯುವುದು ಬೇರೆ ವಿಷಯ, ಅದನ್ನು ನಾನು ಸಭೆಯೊಳಗೆ ತರುವುದಿಲ್ಲ.

ದೇವರನ್ನೇ ನಂಬದವರು, ಬೇರೆ ಧರ್ಮದವರು ನಮಗಿಂತ ಚೆನ್ನಾಗಿ ಸೇವೆ ಮಾಡ್ತಾರೆ. ಹಾಗಾದ್ರೆ ನಮ್ಮ ನಂಬಿಕೆಯಿಂದ ಏನು ವ್ಯತ್ಯಾಸ?

ಮಾಡುತ್ತಾರೆ, ಸಂತೋಷದಿಂದ ಒಪ್ಪಿಕೊಳ್ಳೋಣ. ಯೇಸುವೇ ಒಪ್ಪಿಕೊಂಡ. ಗಾಯಗೊಂಡವನ ಕಥೆಯಲ್ಲಿ ಯಾಜಕ ಮತ್ತು ದೇವಾಲಯದ ಸೇವೆ ಮಾಡುವ ಲೇವಿಯ ಪಕ್ಕಕ್ಕೆ ಸರಿದು ಹೋದರು. ಇಳಿದು ಬಂದು ಗಾಯಕ್ಕೆ ಎಣ್ಣೆ ಹಚ್ಚಿದವನು ಸಮಾರ್ಯದವನು, ಕೇಳುತ್ತಿದ್ದವರ ಕಣ್ಣಿಗೆ ತಪ್ಪು ಧರ್ಮದವನು. "ನೀನೂ ಹೋಗಿ ಅವನ ಹಾಗೆ ಮಾಡು" ಅಂತ ಯೇಸು ತನ್ನನ್ನು ಪ್ರಶ್ನೆ ಕೇಳಿದ್ದ ಧರ್ಮಶಾಸ್ತ್ರಿಗೇ ಹೇಳಿದ.

ನನ್ನ ಮಟ್ಟಿಗೆ ವ್ಯತ್ಯಾಸ ಇಷ್ಟು. ನಾನು ಸೇವೆಯಿಂದ ಒಳ್ಳೆಯವನು ಅನಿಸಿಕೊಳ್ಳಬೇಕಾಗಿಲ್ಲ, ಮೊದಲೇ ಪ್ರೀತಿ ಸಿಕ್ಕಿದೆ. ಹಾಗಾಗಿ ಸೋತಾಗಲೂ, ಯಾರೂ ನೆನೆಯದಿದ್ದಾಗಲೂ ಮತ್ತೆ ಎದ್ದು ಹೋಗಲು ಆಗುತ್ತದೆ. ಪಕ್ಕದಲ್ಲಿ ಕೆಲಸ ಮಾಡುವವರು ಬೇರೆ ಧರ್ಮದವರಾಗಿದ್ದರೆ ಅವರಿಂದ ಕಲಿಯುತ್ತೇನೆ.

ನಾನೇ ಬಾಯಲ್ಲಿ ಹೇಳಿದ್ದನ್ನು ಬದುಕಲ್ಲಿ ಮುರಿದಿದ್ದೇನೆ. ಎಲ್ಲರಿಗೂ ಗೊತ್ತು. ಇನ್ನು ಯಾವ ಮುಖ ಇಟ್ಕೊಂಡು ಸೇವೆಗೆ ಬರಲಿ?

ಈ ಪ್ರಶ್ನೆ ಪತ್ರದಲ್ಲಿ ಬಂದದ್ದು, ಹೆಸರಿಲ್ಲದೆ. ಬರೆದವರು ಇದನ್ನು ಓದುತ್ತಾರೆ ಅಂತ ಆಸೆ.

ಪೇತ್ರ ಯೇಸುವನ್ನು ಮೂರು ಸಲ ಗೊತ್ತಿಲ್ಲ ಅಂದದ್ದು ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ (ಯೋಹಾನ 18). ಸಾಯಲೂ ಸಿದ್ಧ ಅಂದಿದ್ದವನು ಅವನೇ. ಯೋಹಾನ 21ರಲ್ಲಿ ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ, ಬೆಳಗ್ಗೆ ದಡಕ್ಕೆ ಬಂದಾಗ ಅಲ್ಲೂ ಇದ್ದಲಿನ ಬೆಂಕಿ. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸುವೇ ಮಾಡಿಟ್ಟಿದ್ದ. ಆ ವಾಸನೆಗೆ ಪೇತ್ರನಿಗೆ ಆ ರಾತ್ರಿ ನೆನಪಾಗದೆ ಇರುತ್ತದಾ? ಮೊದಲು ಊಟ ಬಡಿಸಿದ. ಆಮೇಲೆ ಮೂರು ಸಲ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲವೂ ಉತ್ತರ ಕೇಳಿ ಕೆಲಸ ಕೊಟ್ಟ: ನನ್ನ ಕುರಿಗಳನ್ನು ಮೇಯಿಸು.

ನೀವು ನೋಯಿಸಿದವರು ಇದ್ದರೆ ಮೊದಲು ಅವರ ಹತ್ತಿರ ಹೋಗಿ. ಕ್ಷಮಿಸಲೇಬೇಕು ಅಂತ ಒತ್ತಾಯ ಮಾಡಬೇಡಿ. ತಿರುಗಿ ಕೊಡುವುದಿದ್ದರೆ ಕೊಡಿ. ನಂಬಿಕೆ ಮುರಿದ ಜಾಗವನ್ನೇ ಮತ್ತೆ ಕೇಳಬೇಡಿ. ಸಭೆಯ ಹಣ ಮುಟ್ಟಿದವರು ಲೆಕ್ಕದ ಪುಸ್ತಕ ಕೇಳುವುದು ಬೇಡ, ಮಕ್ಕಳಿಗೆ ನೋವು ಮಾಡಿದವರು ಎಂದಿಗೂ ಮಕ್ಕಳ ಹತ್ತಿರ ಸೇವೆಗೆ ಹೋಗಕೂಡದು. ಆದರೆ ಭಾನುವಾರ ಎಲ್ಲರೂ ಹೋದ ಮೇಲೆ ಕುರ್ಚಿಗಳು ಹಾಗೇ ಇರುತ್ತವೆ. ಜೋಡಿಸಲು ಜನ ಯಾವಾಗಲೂ ಕಮ್ಮಿ. ಬನ್ನಿ, ಒಂದು ಸಾಲು ನಾನು ಹಿಡಿಯುತ್ತೇನೆ.